ಆಗಸ್ಟಿನ ಎರಡನೇ ಚಂದ್ರ

ಹೊಸದಾಗಿ ವಿಜ್ಞಾನ ಶಿಕ್ಷಕರಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಶಿರವಾಡದ ನನ್ನ ಮನೆಗೆ ಬರುತ್ತಾರೆ. ಜಗಲಿಯಲ್ಲಿ ಕೂತು ಚಹಾ ಕುಡಿದು, “ಸರ್, ಬೆಳಕಿನ ವಕ್ರೀಭವನ ಹೇಗೆ ಹೇಳಿಕೊಡ್ತಿದ್ರಿ?” ಎಂದು ಕೇಳುತ್ತಾರೆ. ವಕ್ರೀಭವನಕ್ಕೆ ಒಂದು ಗಾಜಿನ ಲೋಟ, ಒಂದು ಪೆನ್ಸಿಲ್ ಸಾಕು. ಅದರಲ್ಲೇನೂ ಕಷ್ಟವಿಲ್ಲ. ಕಷ್ಟವಿರುವುದು ಶಾಲೆ ಬಿಟ್ಟ ಮೇಲೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊಬೈಲನ್ನು ಮೂಗಿಗೇ ಹಿಡಿದು “ಮಾಸ್ತರೆ, ಇದು ಖರೆಯಾ?” ಎಂದು ಕೇಳುತ್ತಾರಲ್ಲ, ವಿಜ್ಞಾನ ಮಾಸ್ತರನ ನಿಜವಾದ ನೌಕರಿ ಶುರುವಾಗುವುದು ಅಲ್ಲಿ. ಅದಕ್ಕೆ ಸಂಬಳವೂ ಇಲ್ಲ, ರಜೆಯೂ ಇಲ್ಲ.

ಸುಳ್ಳು ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ಹುಟ್ಟಿತು ಎಂದು ಈಗಿನವರು ತಿಳಿದಿದ್ದಾರೆ. ನಾನು ಅಂಕೋಲೆಯ ಕಡಲ ಬದಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ, ಅಂದರೆ ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿದ್ದಾಗ, ನಮ್ಮ ಕೈಯಲ್ಲಿ ಎಸ್ಸೆಮ್ಮೆಸ್ ಇತ್ತು. ಪೇಟೆಯ ಸೈಬರ್ ಕೆಫೆಯಲ್ಲಿ ಆರ್ಕುಟ್ ಇತ್ತು. ಸುಳ್ಳಿಗೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು.

ನಮ್ಮ ಹೆಡ್‌ಮಾಸ್ತರು ಗಣಪತಿ ಸರ್ ಕಾರವಾರದವರು. ಮನೆಮಾತು ಕೊಂಕಣಿ, ಸಿಟ್ಟು ಬಂದರೆ ಇಂಗ್ಲಿಷು, ಹೆದರಿದರೆ ಮತ್ತೆ ಕೊಂಕಣಿ. ಒಂದು ಬೆಳಿಗ್ಗೆ ಅವರು “ದೇವಾ ರೇ!” ಎನ್ನುತ್ತಲೇ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಮೊಬೈಲು. ಕೆಂಪು ಅಕ್ಷರದಲ್ಲಿ ಕಾಣುವ ಒಂದು ನಂಬರಿನಿಂದ ಕರೆ ಬರುತ್ತದಂತೆ, ಎತ್ತಿದವರ ಮಿದುಳಿನಲ್ಲಿ ರಕ್ತನಾಳ ಒಡೆದು ಸಾಯುತ್ತಾರಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ. ಎಲ್ಲರ ಫೋನಿಗೂ ಆ ಸಂದೇಶ ಬಂದಿತ್ತು.

“ಸರ್, ನಿಮ್ಮ ಫೋನಿನ ಪರದೆಯಲ್ಲಿ ಕೆಂಪು ಬಣ್ಣವೇ ಇಲ್ಲವಲ್ಲ” ಎಂದೆ. ಅದು ಹಸಿರು ಪರದೆಯ ಮೇಲೆ ಕಪ್ಪು ಅಕ್ಷರ ಮೂಡುವ ಫೋನು.

“ಇಲ್ಲದ ಬಣ್ಣ ಬಂದ್ರೆ ಇನ್ನೂ ಕೆಟ್ಟದಲ್ವಾ?” ಎಂದರು. “ವಿಜ್ಞಾನದ ಅಪಾಯ ವಿಜ್ಞಾನದ ಕೋಣೆಯಲ್ಲೇ ಇರ್ಲಿ” ಎಂದು ಕಪಾಟಿನಲ್ಲಿ ಕಪ್ಪೆ ಇಟ್ಟ ಜಾಡಿಯ ಪಕ್ಕ ಫೋನು ಇಟ್ಟು ಹೋದರು. ಆಫ್ ಮಾಡುವುದಕ್ಕೂ ಅದನ್ನು ಮುಟ್ಟಬೇಕಲ್ಲ, ಹಾಗಾಗಿ ಆಫ್ ಮಾಡಿರಲಿಲ್ಲ.

ಒಂಬತ್ತನೇ ತರಗತಿಗೆ ವಿದ್ಯುತ್ಕಾಂತ ತೋರಿಸುತ್ತಿದ್ದಾಗ ಕಪಾಟಿನೊಳಗಿಂದ ಅದು ಬಡಿದುಕೊಂಡಿತು. ಮಕ್ಕಳಿಗೂ ಸುದ್ದಿ ಗೊತ್ತಿತ್ತು. ಅರ್ಧ ತರಗತಿ ಬಾಗಿಲಿನಿಂದ, ಉಳಿದರ್ಧ ಕಿಟಕಿಯಿಂದ ಖಾಲಿಯಾಯಿತು. ನಾನು ಫೋನ್ ಎತ್ತಿದೆ. ಹೆಡ್‌ಮಾಸ್ತರ ಹೆಂಡತಿ. ಬರುವಾಗ ಬಂಗಡೆ ತರಬೇಕಂತೆ, ಸಣ್ಣದು ಬೇಡವಂತೆ. ಹೊರಗೆ ಬಂದು ನಾನು ಸತ್ತಿಲ್ಲವೆಂದೂ ಬಂಗಡೆ ತರಬೇಕೆಂದೂ ಹೆಡ್‌ಮಾಸ್ತರಿಗೆ ತಿಳಿಸಿದೆ. ಅವರು ನನ್ನನ್ನು ಸಂಜೆಯವರೆಗೂ ಓರೆಗಣ್ಣಿನಿಂದ ನೋಡುತ್ತಲೇ ಇದ್ದರು, ಪರಿಣಾಮ ತಡವಾಗಿ ಬರಬಹುದು ಎಂಬ ಹಾಗೆ.

ಆ ದಿನದಿಂದ ನನಗೆ ಸ್ವಲ್ಪ ತಲೆ ತಿರುಗಿತು ಎನ್ನಬೇಕು. ಶಾಲೆಯ ಪಡಸಾಲೆಯ ಕರಿಹಲಗೆಯ ಮೇಲೆ ‘ಈ ವಾರದ ಸುಳ್ಳು’ ಎಂದು ಬರೆಯತೊಡಗಿದೆ. ಮಕ್ಕಳು ಮನೆಯಲ್ಲಿ ಬಂದ ಸಂದೇಶ ತಂದು ಕೊಡುವುದು, ನಾನು ಅದನ್ನು ಬಿಡಿಸಿ ತೋರಿಸುವುದು. ಯಾರು ಹೇಳಿದ್ದು ಎಂದು ಕೇಳಿ, ಯಾವಾಗಿನದು ಎಂದು ಕೇಳಿ, ಕತ್ತರಿಸಿದ್ದು ಏನು ಎಂದು ಕೇಳಿ ಎಂದು ಹಲಗೆಯ ಕೆಳಗೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೆ. ಬಾಳೆಹಣ್ಣಿಗೆ ಚುಚ್ಚುಮದ್ದು, ಆರ್ಕುಟ್ಟಿನಲ್ಲಿ ಬಂದ ದೈತ್ಯನ ಅಸ್ಥಿಪಂಜರ, ಎಲ್ಲವನ್ನೂ ಹೊಡೆದು ಹಾಕಿದೆ. ಆ ಅಸ್ಥಿಪಂಜರದ ಚಿತ್ರದಲ್ಲಿ ಕೆಲಸಗಾರರ ನೆರಳು ಒಂದು ಕಡೆಗೆ, ಎಲುಬಿನ ನೆರಳು ಇನ್ನೊಂದು ಕಡೆಗೆ ಬಿದ್ದಿತ್ತು. ಅದನ್ನು ಒಬ್ಬಳು ಎಂಟನೇ ತರಗತಿಯ ಹುಡುಗಿಯೇ ಹುಡುಕಿದಳು. ನಾನು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಉಬ್ಬಿದ ಎದೆಯ ಗಾಳಿ ತೆಗೆದದ್ದು ತಿಮಿಂಗಿಲ. ಬೆಲೇಕೇರಿ ಕಡೆಯ ದಂಡೆಗೆ ಬಸ್ಸಿಗಿಂತ ದೊಡ್ಡ ತಿಮಿಂಗಿಲ ಬಂದು ಬಿದ್ದಿದೆ ಎಂದು ಏಪ್ರಿಲ್ ಒಂದರಂದೇ ಬೆಳಿಗ್ಗೆ ಎಸ್ಸೆಮ್ಮೆಸ್ ಬಂತು. ಪರೀಕ್ಷೆಯ ದಿನಗಳು. ಕಳಿಸಿದವರ ಹೆಸರಿಲ್ಲ, ಸಾಲು ಸಾಲು ಉದ್ಗಾರ ಚಿಹ್ನೆ, ಹತ್ತು ಜನರಿಗೆ ಕಳಿಸಿ ಎಂಬ ಬಾಲ ಬೇರೆ. ಸುಳ್ಳಿಗೆ ಇರಬೇಕಾದ ಲಕ್ಷಣವೆಲ್ಲ ಇತ್ತು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳನ್ನೆಲ್ಲ ನಿಲ್ಲಿಸಿಕೊಂಡು, ಸುಳ್ಳನ್ನು ಮುಖ ನೋಡಿಯೇ ಹೇಗೆ ಗುರುತಿಸಬೇಕು ಎಂದು ಉದ್ದವಾಗಿ ಭಾಷಣ ಮಾಡಿದೆ. ಮಧ್ಯಾಹ್ನ ಕಡಲ ಗಾಳಿ ತಿರುಗಿತು.

ಮೊದಲು ಯಾರದೋ ಡಬ್ಬಿಯ ಮೀನು ಹಳಸಿದೆ ಎಂದುಕೊಂಡೆವು. ಆಮೇಲೆ ಶೌಚಾಲಯವನ್ನು ಬೈದೆವು. ಕೊನೆಗೆ ಹೆಡ್‌ಮಾಸ್ತರು ಮೂಗಿಗೆ ಟವೆಲ್ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದರು. “ಮಾಸ್ತರೆ, ನಿಮ್ಮ ಈ ವಾರದ ಸುಳ್ಳು ನಾರ್ತಾ ಅದೆ.”

ಶಾಲೆಗೆ ರಜೆ ಕೊಡಬೇಕಾಯಿತು. ಹೋಗುವಾಗ ಒಬ್ಬ ತಂಟೆಕೋರ ನನ್ನ ಮುಂದೆ ನಿಂತು, “ಸರ್, ನಿಮ್ಮನ್ನ ನಂಬೂದಾ, ಮೂಗನ್ನ ನಂಬೂದಾ?” ಎಂದು ಬಹಳ ವಿನಯದಿಂದ ಕೇಳಿದ. ಹೊಸ ಶಿಕ್ಷಕರಿಗೆ ನಾನು ಹೇಳುವುದು ಇಷ್ಟೇ. ನಿಜ ಸುದ್ದಿಯೂ ಕೆಲವು ಸಲ ಸುಳ್ಳಿನ ಅಂಗಿ ಹಾಕಿಕೊಂಡು ಬರುತ್ತದೆ. ಬೆಲೇಕೇರಿಗೆ ಸೈಕಲ್ಲಿನಲ್ಲಿ ಹೋಗಿ ನೋಡಿ ಬರಬಹುದಾಗಿದ್ದ ವಿಷಯಕ್ಕೆ ನಾನು ಹಲಗೆಯ ಮುಂದೆ ನಿಂತು ತೀರ್ಪು ಕೊಟ್ಟಿದ್ದೆ. ಅಲ್ಲಿಂದ ಮುಂದೆ ತಾಲೂಕಿಗೆಲ್ಲ ನಾನು ತಿಮಿಂಗಿಲದ ಮಾಸ್ತರು. ಮೀನು ಪೇಟೆಗೆ ಹೋದರೆ, “ಮಾಸ್ತರೆ, ಇದು ಖರೆ ಮೀನೇ, ಮುಟ್ಟಿ ನೋಡಿ” ಎನ್ನುತ್ತಿದ್ದರು.

ನಗುವುದಾದರೆ ನಗಲಿ ಎಂದು ನಾನು ಸುಮ್ಮನಿದ್ದೆ. ಆದರೆ ನನ್ನ ಮಾತಿನ ಬೆಲೆ ಹೋದ ಆ ವರ್ಷವೇ, ಆ ಮಾತನ್ನೇ ನೆಚ್ಚಿ ಒಬ್ಬಳ ಮದುವೆ ನಡೆಯಬೇಕಾದ ಪ್ರಸಂಗ ಬಂತು.

ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದವರು ಶೈಲಾ ಅಕ್ಕೋರು. ನನಗಿಂತ ತುಂಬ ಚಿಕ್ಕವರು, ಬಾಯಿ ಮಾತ್ರ ನನಗಿಂತ ದೊಡ್ಡದು. ಜಾತಕದಲ್ಲಿ ಕುಜದೋಷ. ಆ ಕಾರಣಕ್ಕೇ ಬಂದ ಸಂಬಂಧಗಳು ಒಂದರ ಹಿಂದೆ ಒಂದು ತಪ್ಪಿಹೋಗಿದ್ದವು. ಕೊನೆಗೆ ಹಟ್ಟಿಕೇರಿಯ ವಸಂತ ಎಂಬ ಹುಡುಗ ಒಪ್ಪಿದ. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತ. ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದವರು, ಹಾಗಾಗಿ ಜಾತಕಕ್ಕಿಂತ ಮೊದಲೇ ಒಪ್ಪಿಗೆಯಾಗಿತ್ತು ಎಂದು ನನ್ನ ಗುಮಾನಿ. ವಸಂತನಿಗೆ ತಾಯಿ ಇರಲಿಲ್ಲ. ಸಾಕಿದವರು ಸೋದರತ್ತೆ ಪಾರ್ವತಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದು, ಗದ್ದೆ, ದನ, ಅಣ್ಣ, ಅಳಿಯ ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸಿದ ಹೆಂಗಸು. ಭಟ್ಟರಿಂದ ಶಾಂತಿ ಮಾಡಿಸಿ ಅವರೂ ಹೂಂ ಎಂದಿದ್ದರು. ಕಾರ್ತಿಕದ ತುಳಸಿ ಲಗ್ನ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು.

ಅಷ್ಟರಲ್ಲಿ ಎಸ್ಸೆಮ್ಮೆಸ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಆಗಸ್ಟ್ ಕೊನೆಗೆ ಮಂಗಳ ಗ್ರಹ ಭೂಮಿಯ ಹತ್ತಿರ ಬಂದು ಬರಿಗಣ್ಣಿಗೆ ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ! ಬೇರೆ ಊರಿನಲ್ಲಿ ಜನ ಇದನ್ನು ಓದಿ ಖುಷಿಪಟ್ಟಿರಬಹುದು. ನಮ್ಮಲ್ಲಿ ಮಂಗಳ ಎಂದರೆ ಕುಜ. ದೂರದಲ್ಲಿದ್ದಾಗಲೇ ಇಷ್ಟು ಕಾಟ ಕೊಡುವವನು ಚಂದ್ರನಷ್ಟು ಹತ್ತಿರ ಬಂದರೆ ಗತಿಯೇನು ಎಂದು ಪಾರ್ವತಿ ಅತ್ತೆ ಮದುವೆಯ ಮಾತನ್ನೇ ನಿಲ್ಲಿಸಿಬಿಟ್ಟರು.

ಶೈಲಾ ಅಕ್ಕೋರು ಅಂದು ಸ್ಟಾಫ್ ರೂಮಿನಲ್ಲಿ ಯಾರ ಹತ್ತಿರವೂ ಜಗಳವಾಡಲಿಲ್ಲ. ನಾನೇ ಹತ್ತಿರ ಹೋಗಿ ಕೇಳಿದೆ. “ಇನ್ನೊಂದು ಸಲ ಚಹಾ ತಟ್ಟೆ ಹಿಡ್ಕಂಡು ಯಾರ ಮುಂದೂ ನಿಲ್ಲೂದಿಲ್ಲ, ಮಾಸ್ತರೆ. ಇದು ಹೋದ್ರೆ ಹೋಯ್ತು” ಎಂದಷ್ಟೇ ಅಂದರು.

ಈ ಸಲ ನಾನು ಹಲಗೆಯ ಮುಂದೆ ನಿಲ್ಲಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು, ಆರ್ಕುಟ್ಟಿನ ಹಳೆಯ ಚರ್ಚೆಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತ ಆ ಸಂದೇಶದ ಮೂಲಕ್ಕೆ ಹೋದೆ. ಸಿಕ್ಕಿತು. ಮೂಲದಲ್ಲಿದ್ದದ್ದು ಇಷ್ಟು: ದೂರದರ್ಶಕದಲ್ಲಿ ಎಪ್ಪತ್ತೈದು ಪಟ್ಟು ಹಿಗ್ಗಿಸಿ ನೋಡಿದರೆ, ಮಂಗಳ ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ. ಅದೂ ಹಿಂದಿನ ಯಾವುದೋ ವರ್ಷದ ಮಾತು. ಒಬ್ಬರಿಂದ ಒಬ್ಬರಿಗೆ ದಾಟುವಾಗ ವರ್ಷ ಉದುರಿತು, ದೂರದರ್ಶಕ ಉದುರಿತು, ಚಂದ್ರ ಮಾತ್ರ ಉಳಿದ. ಪೂರ್ತಿ ಸುಳ್ಳು ಹೇಳುವ ತೊಂದರೆಯನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

ಆ ಹಾಳೆಯ ಪ್ರಿಂಟ್ ತೆಗೆದುಕೊಂಡು ಹೆಡ್‌ಮಾಸ್ತರನ್ನು ಹಿರಿಯರೆಂದು ಜೊತೆಗೆ ಕರೆದುಕೊಂಡು ಹಟ್ಟಿಕೇರಿಗೆ ಹೋದೆ. ಪಾರ್ವತಿ ಅತ್ತೆ ಬೆಲ್ಲ, ನೀರು ಕೊಟ್ಟು ನನ್ನ ಮುಖ ನೋಡಿದರು.

“ನೀವು ಆ ತಿಮಿಂಗಿಲದ ಮಾಸ್ತರಲ್ವಾ?”

“ಹೌದು.”

“ಹಂಗಾರೆ ಕಷ್ಟ. ನೀವು ಇಲ್ಲ ಅಂದದ್ದು ದಂಡೆಗೆ ಬಂದು ಬಿತ್ತು. ಈಗ ಇದೂ ಇಲ್ಲ ಅಂತ್ರಿ. ನಂಗೆ ಹೆದ್ರಿಕೆ ಜಾಸ್ತಿ ಆತು.”

ಹೆಡ್‌ಮಾಸ್ತರು ನನ್ನ ಪರವಾಗಿ, “ಇವರು ಸಾಯೂ ಫೋನ್ ಎತ್ತಿ ಬದುಕಿದವರು” ಎಂದು ಸಾಕ್ಷಿ ಹೇಳಿದರು. ಅದರಿಂದ ಏನೂ ಉಪಯೋಗವಾಗಲಿಲ್ಲ.

“ಹುಡುಗಿ ಒಳ್ಳೇದೇ. ನಂಗೆ ಅವಳ ಮೇಲೆ ಸಿಟ್ಟಿಲ್ಲ” ಎಂದರು ಅತ್ತೆ. “ಆದ್ರೆ ತಾಯಿ ಇಲ್ಲದ ಮಗ ಇವ. ಆಗಸ್ಟ್ ಕೊನೆ ಆಗ್ಲಿ, ನೋಡ್ವಾ. ಚಂದ್ರನಷ್ಟು ಕಂಡ್ರೆ ಈ ಸಂಬಂಧ ಬೇಡ. ಕಾಣದಿದ್ರೆ ಮದುವೆ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಯಾವ ವಿಜ್ಞಾನಿಯೂ ಇದಕ್ಕಿಂತ ಚೊಕ್ಕ ಪರೀಕ್ಷೆ ಏರ್ಪಡಿಸಲಾರ. ಕಾಣುವುದಿಲ್ಲ ಎಂದು ನನಗೆ ಗೊತ್ತೇ ಇತ್ತು. ನಾನು ಮರೆತದ್ದು ಒಂದನ್ನೇ, ನಮ್ಮೂರಿನ ಆಗಸ್ಟ್ ತಿಂಗಳನ್ನು.

ಆ ವಾರವಿಡೀ ಮಳೆ. ಮಂಗಳನಿರಲಿ, ಸೂರ್ಯ ಇದ್ದಾನೋ ಇಲ್ಲವೋ ಎಂದು ಹೇಳುವವರಿರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಮೋಡ ನೋಡಿದರು. ಕಾಣಲಿಲ್ಲವಲ್ಲ ಎಂದು ನಾನು ಓಡಿಹೋದರೆ, “ಕಾಣ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತಾ? ಮೋಡದ ಹಿಂದೆ ನಿಂತಿದ್ರೆ?” ಎಂದರು. ಅದರ ಮೇಲೆ, ನಾನು ಅಲ್ಲಿದ್ದಾಗಲೇ ರಾಮನಗುಳಿಯ ಅವರ ನೆಂಟನೊಬ್ಬ ಫೋನ್ ಮಾಡಿ, ಮೋಡದ ಸಂದಿಯಲ್ಲಿ ತಾನು ನೋಡಿದ್ದಾಗಿ ಹೇಳಿದ. ಎಷ್ಟು ಕಂಡವು ಎಂದು ನಾನು ಫೋನು ಕಸಿದುಕೊಂಡು ಕೇಳಿದೆ.

“ಒಂದೇ ಕಂಡಿತು. ದುಂಡಗೆ ದೊಡ್ಡಕ್ಕೆ ಇತ್ತು.”

“ಅದು ಚಂದ್ರ ಅಲ್ವೇನ್ರಿ?”

“ಇರಬಹುದು. ಇಬ್ಬರೂ ಒಂದೇ ಗಾತ್ರ ಅಂದ ಮೇಲೆ ಯಾವುದು ಯಾವುದು ಅಂತ ಹೆಂಗೆ ಹೇಳೂಕೆ ಬತ್ತದೆ?”

ಇಂಥ ತರ್ಕದ ಮುಂದೆ ನನ್ನ ಬಿ.ಎಸ್ಸಿ., ಬಿ.ಎಡ್. ಎರಡೂ ತಲೆ ತಗ್ಗಿಸಿದವು.

ಚೌತಿ ಮುಗಿಯಿತು. ಮದುವೆಯ ಮಾತು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಾನು ಸುಮ್ಮನಿರಲಾರದೆ ಮಂಗಳನ ಲೆಕ್ಕವನ್ನೇ ಕೂತು ನೋಡಿದೆ. ನೋಡಿದವನು ಬೆವರಿದೆ. ಆ ವರ್ಷ ಮಂಗಳ ಭೂಮಿಗೆ ನಿಜವಾಗಿ ಹತ್ತಿರ ಬರುವುದು ಆಗಸ್ಟಿನಲ್ಲಿ ಅಲ್ಲ, ತುಳಸಿ ಲಗ್ನದ ಹೊತ್ತಿಗೆ. ಮದುವೆ ಎಂದು ಮಾತಾಗಿದ್ದ ದಿನಗಳಲ್ಲೇ ಅವನು ಸಂಜೆಯಾಗುತ್ತಲೇ ಮೂಡಣದಲ್ಲಿ ಕೆಂಪಗೆ ಹೊಳೆಯುತ್ತಾನೆ. ಚಂದ್ರನಷ್ಟಲ್ಲ, ನಕ್ಷತ್ರದಷ್ಟು. ಆದರೆ ಹತ್ತಿರ ಎಂಬುದು ಹತ್ತಿರವೇ.

ಶೈಲಾ ಅಕ್ಕೋರಿಗೆ ಗುಟ್ಟಾಗಿ ಹೇಳಿದೆ. “ಇದನ್ನು ನಾವು ಹೇಳುವುದು ಬೇಡ. ಅವರಾಗಿ ಕೇಳಿಲ್ಲ. ಆಗಸ್ಟಿನದು ಸುಳ್ಳು ಎಂದಷ್ಟೇ ಹೇಳಿ ಮುಗಿಸೋಣ.”

ಅವರು ಪಡಸಾಲೆಯ ಹಲಗೆಯ ಕಡೆ ಬೆರಳು ತೋರಿಸಿದರು. “ಅಲ್ಲಿ ಏನು ಬರೆದಿದ್ರಿ? ಕತ್ತರಿಸಿದ್ದು ಏನು ಅಂತ ಕೇಳಿ ಅಂತ. ಈಗ ಕತ್ತರಿ ನಿಮ್ಮ ಕೈಯಾಗಾ?”

“ಸಂಬಂಧ ಮುರಿದರೆ?”

“ಮದುವೆ ದಿನ ಅಂಗಳದಲ್ಲಿ ಯಾರಾದ್ರೂ ತಲೆ ಎತ್ತಿ ನೋಡಿದ್ರೆ? ಆಮೇಲೆ ಮನೇಲಿ ಎಮ್ಮೆ ಸತ್ರೂ ಕುಜ, ಮಿಕ್ಸರ್ ಕೆಟ್ರೂ ಕುಜ ಅಂಬ್ರು. ಮುರಿಯೂದಾದ್ರೆ ಈಗಲೇ ಮುರೀಲಿ. ನಾನೂ ಬತ್ತೆ, ನಡೀರಿ.” ನನಗೆ ನಾಚಿಕೆಯೂ ಆಯಿತು, ಅವರ ಮೇಲೆ ಹೆಮ್ಮೆಯೂ ಬಂತು.

ಮತ್ತೆ ಹಟ್ಟಿಕೇರಿ. ಹೆಡ್‌ಮಾಸ್ತರೂ ಬಂದರು. ಈ ಸಲ ನಾನು ಹಾಳೆ ತಂದಿರಲಿಲ್ಲ. ಅವರ ಮನೆಯ ಹಿತ್ತಾಳೆಯ ಹರಿವಾಣವನ್ನೇ ಕೇಳಿ ಪಡೆದೆ, ಅಡುಗೆಮನೆಯಿಂದ ಒಂದು ಕಾಳುಮೆಣಸು ತರಿಸಿದೆ. ಹುಣ್ಣಿಮೆಯ ಚಂದ್ರ ಈ ಹರಿವಾಣದಷ್ಟು ಕಾಣುತ್ತಾನೆ ಎಂದಿಟ್ಟುಕೊಳ್ಳಿ, ಮಂಗಳ ಅತಿ ಹತ್ತಿರ ಬಂದರೂ ಈ ಮೆಣಸಿನಷ್ಟೇ ಎಂದೆ. ಹರಿವಾಣವನ್ನೂ ಮೆಣಸನ್ನೂ ವಸಂತನ ಕೈಗೆ ಕೊಟ್ಟು ಅಂಗಳದ ಆಚೆ ತುದಿಗೆ ನಿಲ್ಲಿಸಿದೆ.

“ಇನ್ನೊಂದು ಮಾತು” ಎಂದೆ. “ಅವನು ಹತ್ತಿರ ಬರುವುದು ಆಗಸ್ಟಿನಲ್ಲಿ ಅಲ್ಲ. ನಿಮ್ಮ ಮದುವೆಯ ದಿನಗಳಲ್ಲಿ. ಅದು ಖರೆ.”

ಶೈಲಾ ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಪಾರ್ವತಿ ಅತ್ತೆ ಎದ್ದು ಮೆಟ್ಟಿಲ ಬಳಿ ಬಂದು ಕಣ್ಣು ಕಿರಿದು ಮಾಡಿದರು.

“ಹರಿವಾಣ ಕಾಣ್ತದೆ. ಮೆಣಸು ಎಲ್ಲದೆ?”

“ಕೈಯಲ್ಲೇ ಅದೆ ಅತ್ತೆ” ಎಂದು ವಸಂತ ಕೈ ಮೇಲೆತ್ತಿದ. ಎತ್ತುವ ಭರದಲ್ಲಿ ಮೆಣಸು ಬಿತ್ತು. ಹೆಡ್‌ಮಾಸ್ತರು “ದೇವಾ ರೇ” ಎನ್ನುತ್ತ ಪಂಚೆ ಎತ್ತಿ ಕಟ್ಟಿ ಮಂಡಿಯೂರಿ ಹುಡುಕತೊಡಗಿದರು. ಅವರಿಗಿಂತ ಮೊದಲು ಮನೆಯ ಹೇಂಟೆ ಕೋಳಿ ಓಡಿಬಂದು ಕುಕ್ಕಿ ನುಂಗಿ, ಕತ್ತು ಕೊಡವಿ, ಇನ್ನೊಂದು ಇದೆಯೇ ಎಂದು ಹೆಡ್‌ಮಾಸ್ತರ ಮುಖ ನೋಡಿತು.

ಮೊದಲು ನಕ್ಕದ್ದು ಅತ್ತೆ. ಕಂಬ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನನ್ನ ಮದುವೆ ತಪ್ಪಿಸಿದವನನ್ನ ಹೇಂಟೆ ನುಂಗ್ತಲ್ರಾ!” ಎಂದರು.

ನಮ್ಮ ನಗು ಅಲ್ಲಿಗೇ ನಿಂತಿತು. ವಸಂತ ಹರಿವಾಣ ಹಿಡಿದುಕೊಂಡೇ, “ಅತ್ತೆ, ನಿಂಗೂ ಇದೇ ಆಗಿತ್ತಾ?” ಎಂದ. ಅವನಿಗೂ ಗೊತ್ತಿರಲಿಲ್ಲ.

“ಮತ್ತೆಂತ? ಕೇಳೂಕೆ ಬಂದವ್ರೆಲ್ಲ ಜಾತಕ ನೋಡಿ ಎದ್ದೋದ್ರು. ಆಮೇಲೆ ಯಾರೂ ಬರ್ಲಿಲ್ಲ” ಎಂದು ಅವರು ಕಣ್ಣೊರೆಸಿಕೊಂಡರು. ನಕ್ಕ ನೀರೋ ಬೇರೆ ನೀರೋ ನನಗೆ ಹೇಳಲು ಬರುವುದಿಲ್ಲ. ಶೈಲಾ ಅಕ್ಕೋರ ಹತ್ತಿರ ಬಂದು, “ತಂಗೀ, ನೀನು ಒಳಗೆ ಬಾ. ಇವರಿಗೆಲ್ಲ ಚಹಾ ಮಾಡ್ವಾ” ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಚಹಾ ತಟ್ಟೆಯನ್ನು ಅತ್ತೆಯೇ ಹಿಡಿದುಕೊಂಡು ಹೊರಗೆ ಬಂದರು.

ಮದುವೆ ಗೋಧೂಳಿ ಮುಹೂರ್ತದಲ್ಲಿ ಆಯಿತು. ಮಳೆಗಾಲ ಕಳೆದ ತಿಳಿ ಆಕಾಶ. ಊಟದ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಹೆಡ್‌ಮಾಸ್ತರು ಮೊದಲ ಪಂಕ್ತಿಯಲ್ಲೇ ಜಾಗ ಹಿಡಿದಿದ್ದರು. ಚಪ್ಪರದ ಹೊರಗೆ ಪಾರ್ವತಿ ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

“ಮಾಸ್ತರೆ, ಅವ ಎಲ್ಲವ್ನೆ? ತೋರ್ಸಿ.”

ತೆಂಗಿನ ಗರಿಗಳ ಮೇಲೆ ಬೆರಳು ಮಾಡಿ ತೋರಿಸಿದೆ. ಸಣ್ಣದು, ಕೆಂಪಗೆ, ಅಲುಗಾಡದೆ ಇತ್ತು. ಅವರು ತಲೆ ಎತ್ತಿದವರು ಇಳಿಸಲಿಲ್ಲ. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಎಲೆ ಹಾಕಿದ್ದಾರೆ, ಬನ್ನಿ ಅತ್ತೆ ಎಂದೆ.

“ನೀವು ಹೋಗಿ ಉಣ್ಣಿ. ನಾ ಸ್ವಲ್ಪ ನೋಡ್ಕಂಡು ಬತ್ತೆ” ಎಂದರು. “ಜನ್ಮ ಪೂರ್ತಿ ಇವನ ದೆಸೆಯಿಂದ ಅಣ್ಣನ ಮನೇಲಿ ಕೂತೆ. ಮುಖ ನೋಡಿದ್ದು ಇವತ್ತೇ.”